ಏಳು ಲ್ಯಾಪ್‌ಟಾಪ್, ಏಳು ನೋಡ್ ವರ್ಷನ್: ಒಂದಕ್ಕೆ ತರುವುದು ಹೇಗೆ?

ಪ್ರಶ್ನೆ: ನಮ್ಮದು ಏಳು ಜನರ ತಂಡ. ನೋಡ್‌ಜೆಎಸ್‌ನಲ್ಲಿ (ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ಸಾಫ್ಟ್‌ವೇರ್, ಚಿಕ್ಕದಾಗಿ ನೋಡ್) ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತೇವೆ. ಮೂವರ ಹತ್ತಿರ ಮ್ಯಾಕ್, ಇಬ್ಬರ ಹತ್ತಿರ ಉಬುಂಟು, ಇನ್ನಿಬ್ಬರ ಹತ್ತಿರ ವಿಂಡೋಸ್ ಇದೆ. ‘ನೋಡ್ 18 ಅಥವಾ ಅದಕ್ಕಿಂತ ಮೇಲಿನದು ಬೇಕು’ ಅಂತ ರೀಡ್‌ಮಿ ಫೈಲಿನಲ್ಲಿ ಬರೆದಿದ್ದೇವೆ. ಆದರೂ ನನ್ನ ಹತ್ತಿರ ಪಾಸಾಗುವ ಟೆಸ್ಟ್ ಸಿಐನಲ್ಲಿ (ಕೋಡ್ ಸೇರಿಸಿದಾಗಲೆಲ್ಲ ಟೆಸ್ಟ್‌ಗಳನ್ನು ತಾನೇ ಓಡಿಸುವ ವ್ಯವಸ್ಥೆಯಲ್ಲಿ) ಫೇಲ್ ಆಗುತ್ತದೆ. ಹೊಸಬರು ಸೇರಿದರೆ ಸೆಟಪ್‌ಗೇ ಎರಡು ದಿನ ಹೋಗುತ್ತದೆ. ಎಲ್ಲರೂ ಡಾಕರ್ (ಸಾಫ್ಟ್‌ವೇರನ್ನು ಅದಕ್ಕೆ ಬೇಕಾದದ್ದರ ಸಮೇತ ಕಂಟೇನರ್ ಅನ್ನುವ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ಟೂಲ್) ಒಳಗೇ ಕೆಲಸ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ ನಮ್ಮ ಮ್ಯಾನೇಜರ್. ಅದು ಸರಿಯೇ? ನೋಡ್ 14ರಲ್ಲೇ ಉಳಿದಿರುವ ಹಳೆಯ ಪ್ರಾಜೆಕ್ಟ್ ಒಂದೂ ಇದೆ. ಅದನ್ನು ಏನು ಮಾಡಬೇಕು?

ಉತ್ತರ: ನಿಮ್ಮ ರೀಡ್‌ಮಿಯ ಆ ಒಂದು ಸಾಲಿನಿಂದಲೇ ಶುರು ಮಾಡೋಣ. ಅದನ್ನು ಮನುಷ್ಯರು ಓದುತ್ತಾರೆ, ಅದೂ ಸೇರಿದ ಮೊದಲ ದಿನ ಒಂದು ಸಲ. ಮೆಷಿನ್ ಅದನ್ನು ಓದುವುದೇ ಇಲ್ಲ. ಇನ್ನೊಂದು, ‘18 ಅಥವಾ ಮೇಲಿನದು’ ಅಂದರೆ 18.12 ಇದ್ದವರೂ ಸರಿ, 18.13 ಇದ್ದವರೂ ಸರಿ, 20, 21, 22 ಇದ್ದವರೂ ಸರಿ. ಎಲ್ಲರೂ ನಿಯಮ ಪಾಲಿಸಿದ್ದಾರೆ, ಆದರೂ ಯಾರ ವರ್ಷನ್ನೂ ಯಾರದಕ್ಕೂ ಹೊಂದುವುದಿಲ್ಲ.

18.12 ಮತ್ತು 18.13ಕ್ಕೆ ಏನು ಮಹಾ ವ್ಯತ್ಯಾಸ ಅಂತ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. 2023ರ ಶುರುವಿನಲ್ಲಿ ನಾನಿದ್ದ ತಂಡದಲ್ಲಿ ಒಂದು ಟೆಸ್ಟ್ ಇದ್ದಕ್ಕಿದ್ದಂತೆ ಸಿಐನಲ್ಲಿ ಫೇಲ್ ಆಗತೊಡಗಿತು. ರಸೀದಿಯ ಮೇಲೆ ಸಮಯ ಸರಿಯಾಗಿ ಬರುತ್ತದಾ ಅಂತ ನೋಡುವ ಸಣ್ಣ ಟೆಸ್ಟ್ ಅದು. ಬರಬೇಕಾದದ್ದು ‘3:45 ಪಿಎಂ’, ಬಂದದ್ದೂ ‘3:45 ಪಿಎಂ’. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತಿದ್ದವು. ಆದರೂ ‘ಎರಡೂ ಬೇರೆ’ ಅಂತ ಕೆಂಪು ಗೆರೆ. ಮಧ್ಯಾಹ್ನವೆಲ್ಲ ಮೂರು ಜನ ಅದರ ಮುಂದೆ ಕೂತೆವು. ಕೊನೆಗೆ ಒಬ್ಬರು ಒಂದೊಂದೇ ಅಕ್ಷರದ ಕೋಡ್ ಪ್ರಿಂಟ್ ಮಾಡಿ ನೋಡಿದರು. ಅಂಕಿಗೂ ‘ಪಿಎಂ’ಗೂ ನಡುವಿನ ಜಾಗದಲ್ಲಿ ಒಂದರಲ್ಲಿ 32 ಇತ್ತು, ಇನ್ನೊಂದರಲ್ಲಿ 8239. ಮೊದಲನೆಯದು ಮಾಮೂಲಿ ಸ್ಪೇಸ್. ಎರಡನೆಯದು ಯುನಿಕೋಡ್‌ನ ಯು+202ಎಫ್, ಅಂದರೆ ಸಾಲು ಮುರಿಯಲು ಬಿಡದ ಕಿರಿದಾದ ಸ್ಪೇಸ್.

ಕಾರಣ ಇಷ್ಟೇ. ದಿನಾಂಕ, ಸಮಯ, ಸಂಖ್ಯೆಗಳನ್ನು ಆಯಾ ಭಾಷೆಯ ರೂಢಿಯಂತೆ ಬರೆದುಕೊಡಲು ನೋಡ್ ಒಳಗೆ ಐಸಿಯು ಅನ್ನುವ ಲೈಬ್ರರಿ ಇದೆ. 18.13ರಲ್ಲಿ ಅದು 72ನೇ ವರ್ಷನ್‌ಗೆ ಹೋಯಿತು. ಇಂಗ್ಲಿಷ್ ಸಮಯದ ಬರವಣಿಗೆಯಲ್ಲಿ ಆ ಸ್ಪೇಸ್ ಬದಲಾಯಿತು. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ 18.12 ಇತ್ತು. ಸಿಐಗೆ ನಾವು ಬರೀ ‘18’ ಅಂತ ಹೇಳಿದ್ದೆವು, ಅದು 18.13 ತಂದುಕೊಂಡಿತ್ತು. ಕೋಡ್‌ನಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ.

ನಿಮ್ಮದು ಬಿಲ್ಲಿಂಗ್ ಸಾಫ್ಟ್‌ವೇರ್ ಆದ್ದರಿಂದ ಐಸಿಯು ವಿಷಯವನ್ನು ಇನ್ನೂ ಸ್ವಲ್ಪ ಹೇಳುತ್ತೇನೆ. ನೋಡ್ 12ರವರೆಗೆ ನೋಡ್‌ಜೆಎಸ್ ಸೈಟಿನಿಂದ ಇಳಿಸಿಕೊಳ್ಳುವ ಪ್ರತಿಯಲ್ಲಿ ಇಂಗ್ಲಿಷಿನ ಡೇಟಾ ಮಾತ್ರ ಇರುತ್ತಿತ್ತು. ಎಲ್ಲ ಭಾಷೆಗಳ ಡೇಟಾ ಸೇರಿಕೊಂಡದ್ದು 2019ರ ಅಕ್ಟೋಬರ್‌ನಲ್ಲಿ ಬಂದ ನೋಡ್ 13ರಿಂದ. ‘ಕೆಎನ್-ಐಎನ್’ ಅಂತ ಕನ್ನಡ ಲೊಕೇಲ್ (ಭಾಷೆ ಮತ್ತು ದೇಶದ ಗುರುತು) ಕೊಟ್ಟು ತಿಂಗಳ ಹೆಸರು ಕೇಳಿದರೆ 14ರಲ್ಲಿ ಕನ್ನಡದಲ್ಲಿ ಬರುತ್ತದೆ. 12ರಲ್ಲಿ ಎರರ್ ಕೂಡ ಬರುವುದಿಲ್ಲ, ಸುಮ್ನೆ ಇಂಗ್ಲಿಷ್ ಹೆಸರು ಬರುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ 14 ಇತ್ತು, ಸರ್ವರ್‌ನಲ್ಲಿ 12. ಕನ್ನಡದಲ್ಲಿ ಬಿಲ್ ಕೊಡುತ್ತೇವೆ ಅಂತ ಹೇಳಿಕೊಂಡಿದ್ದೆವು. ಗ್ರಾಹಕರ ಕೈಗೆ ಸಿಕ್ಕಿದ್ದು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಬಿಲ್. ಎರರ್ ಬಂದರೆ ಯಾರಾದರೂ ಗಮನಿಸುತ್ತಾರೆ. ಇಂಥದ್ದು ಗ್ರಾಹಕರು ಫೋನ್ ಮಾಡಿ ಹೇಳುವವರೆಗೂ ಗೊತ್ತಾಗುವುದಿಲ್ಲ.

ಆದ್ದರಿಂದ ನನ್ನ ಸಲಹೆ ಒಂದೇ. ನೋಡ್ ವರ್ಷನ್ ಕೂಡ ನಿಮ್ಮ ಕೋಡ್‌ನ ಭಾಗ ಅಂತ ತಿಳಿಯಿರಿ. ಅದನ್ನು ರೆಪೊದಲ್ಲಿ, ಅಂದರೆ ತಂಡದ ಕೋಡ್ ಇಡುವ ಜಾಗದಲ್ಲಿ, ಒಂದೇ ಒಂದು ಫೈಲಿನಲ್ಲಿ ಬರೆಯಿರಿ. ಲ್ಯಾಪ್‌ಟಾಪ್, ಸಿಐ, ಡಾಕರ್, ಸರ್ವರ್ ಎಲ್ಲವೂ ಆ ಫೈಲನ್ನೇ ಓದಲಿ. ಬದಲಾಯಿಸಬೇಕಾದರೆ ಉಳಿದ ಕೋಡ್‌ನಂತೆ ಇದಕ್ಕೂ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಕಿ, ರಿವ್ಯೂ ಮಾಡಿ, ಮರ್ಜ್ ಮಾಡಿ.

ಅದಕ್ಕೂ ಮೊದಲು ಒಂದು ಕೆಲಸ ಇದೆ. ಏಳೂ ಜನ ‘ನೋಡ್ -ವಿ’, ‘ಎನ್‌ಪಿಎಂ -ವಿ’ (ಎನ್‌ಪಿಎಂ ಅಂದರೆ ನೋಡ್ ಜೊತೆ ಬರುವ, ಪ್ಯಾಕೇಜ್‌ಗಳನ್ನು ಹಾಕುವ ಟೂಲ್) ಎರಡನ್ನೂ ಓಡಿಸಿ ಬಂದದ್ದನ್ನು ಗ್ರೂಪ್‌ನಲ್ಲಿ ಹಾಕಲಿ. ಜೊತೆಗೆ ನೋಡ್ ಒಳಗೆ ‘ಪ್ರೊಸೆಸ್.ಆರ್ಚ್’ (ಈ ನೋಡ್ ಯಾವ ಥರದ ಚಿಪ್‌ಗೆ ಮಾಡಿದ್ದು ಅನ್ನುವುದು) ಏನು ತೋರಿಸುತ್ತದೆ ಅನ್ನುವುದನ್ನೂ ಹಾಕಲಿ. ಐದು ನಿಮಿಷದ ಕೆಲಸ, ಆದರೆ ಸಮಸ್ಯೆ ಎಷ್ಟು ದೊಡ್ಡದು ಅಂತ ಎಲ್ಲರಿಗೂ ಒಟ್ಟಿಗೆ ಕಾಣುತ್ತದೆ. ಉಬುಂಟು 22.04 ಇದ್ದವರು ಉಬುಂಟುವಿನದೇ ಇನ್‌ಸ್ಟಾಲರ್ ಆದ ಎಪಿಟಿಯಿಂದ ನೋಡ್ ಹಾಕಿಕೊಂಡಿದ್ದರೆ ಅವರ ಹತ್ತಿರ 12 ಇರುತ್ತದೆ. 2022ರಲ್ಲಿ ಬಂದ ಉಬುಂಟು ಅಲ್ವಾ, ನೋಡ್ ಕೂಡ ಹೊಸದೇ ಇರುತ್ತದೆ ಅಂತ ಅಂದುಕೊಂಡು ಎಷ್ಟೋ ಜನ ಮೋಸ ಹೋಗಿದ್ದಾರೆ. ಮ್ಯಾಕ್‌ನಲ್ಲಿ ಸಾಫ್ಟ್‌ವೇರ್ ಹಾಕಲು ಹೋಂಬ್ರೂ ಬಳಸುವವರದು ಇದಕ್ಕೆ ಉಲ್ಟಾ. ಬೇರೆ ಏನನ್ನೋ ಅಪ್‌ಗ್ರೇಡ್ ಮಾಡಲು ಹೋದಾಗ ನೋಡ್ ಕೂಡ ಕೇಳದೆ ಹೊಸ ವರ್ಷನ್‌ಗೆ ಹೋಗಿರುತ್ತದೆ. ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ ವರ್ಷನ್) ಅಲ್ಲದ ಬೆಸ ಸಂಖ್ಯೆಯ ವರ್ಷನ್ ಕೂಡ ಬಂದು ಕೂತಿರಬಹುದು. ಇದುವರೆಗೆ ನೋಡ್‌ನಲ್ಲಿ ಎಲ್‌ಟಿಎಸ್ ಆಗಿರುವುದು ಸಮ ಸಂಖ್ಯೆಯವು ಮಾತ್ರ: 18, 20, 22, 24.

ಈಗ ಆ ಒಂದು ಫೈಲಿನ ವಿಷಯ. ಪ್ರಾಜೆಕ್ಟ್‌ನ ಮೇಲಿನ ಫೋಲ್ಡರ್‌ನಲ್ಲಿ ‘.ಎನ್‌ವಿಎಂಆರ್‌ಸಿ’ ಅನ್ನುವ ಫೈಲ್ ಮಾಡಿ, ಅದರಲ್ಲಿ ಪೂರ್ತಿ ವರ್ಷನ್ ಬರೆಯಿರಿ. ಉದಾಹರಣೆಗೆ 22.11.0. ಇದು 22ರ ಸಾಲಿನ ಮೊದಲ ಎಲ್‌ಟಿಎಸ್, 2024ರ ಅಕ್ಟೋಬರ್‌ನದು. ನೀವು ಇದನ್ನೇ ನಕಲು ಮಾಡಬೇಡಿ, ನಿಮ್ಮ ಸಾಲಿನಲ್ಲಿ ಇವತ್ತು ಸಿಗುವ ಕೊನೆಯ ಪ್ಯಾಚ್ (ಸಣ್ಣ ರಿಪೇರಿಯ ವರ್ಷನ್) ಹಾಕಿ. ಬರೀ ‘22’ ಅಂತ ಬರೆಯಬೇಡಿ, ಯಾಕೆ ಅಂತ ಮೇಲಿನ ಸ್ಪೇಸ್‌ನ ಕಥೆ ಹೇಳಿದೆ. ‘ಎಲ್‌ಟಿಎಸ್’ ಅನ್ನುವ ಪದವನ್ನಂತೂ ಬರೆಯಲೇಬೇಡಿ. ಅದರ ಅರ್ಥ ಪ್ರತಿ ಅಕ್ಟೋಬರ್‌ನಲ್ಲಿ ಬದಲಾಗುತ್ತದೆ.

ಫೈಲ್ ಇಟ್ಟರೆ ಸಾಲದು, ಅದನ್ನು ಓದುವವರು ಬೇಕು. ನಿಮ್ಮ ತಂಡದಲ್ಲಿ ಮೂರೂ ಆಪರೇಟಿಂಗ್ ಸಿಸ್ಟಂ ಇರುವುದರಿಂದ ನಾನು ನೋಡ್ ವರ್ಷನ್ ಬದಲಾಯಿಸಿಕೊಡುವ ಎಫ್‌ಎನ್‌ಎಂ ಅನ್ನುವ ಟೂಲ್ ಹಾಕಿ ಅನ್ನುತ್ತೇನೆ. ಹೆಚ್ಚು ಜನಕ್ಕೆ ಗೊತ್ತಿರುವುದು ಎನ್‌ವಿಎಂ. ಅದು ಒಳ್ಳೆಯದೇ, ಆದರೆ ಮ್ಯಾಕ್ ಮತ್ತು ಲಿನಕ್ಸ್‌ಗೆ. ‘ವಿಂಡೋಸ್‌ನ ಎನ್‌ವಿಎಂ’ ಅಂತ ಸಿಗುವುದು ಬೇರೆಯವರು ಬರೆದ ಬೇರೆಯದೇ ಪ್ರಾಜೆಕ್ಟ್. ಹೆಸರು ಒಂದೇ ಆದರೂ ನಡವಳಿಕೆ ಒಂದೇ ಅಲ್ಲ. ಎಫ್‌ಎನ್‌ಎಂ ಮೂರೂ ಕಡೆ ಒಂದೇ ಥರ ಓಡುತ್ತದೆ, ‘.ಎನ್‌ವಿಎಂಆರ್‌ಸಿ’ಯನ್ನೇ ಓದುತ್ತದೆ. ಶೆಲ್‌ನ (ಟರ್ಮಿನಲ್‌ನಲ್ಲಿ ಟೈಪ್ ಮಾಡಿದ್ದನ್ನು ಓಡಿಸುವ ಪ್ರೋಗ್ರಾಮ್‌ನ) ಸೆಟ್ಟಿಂಗ್‌ನಲ್ಲಿ ‘ಯೂಸ್-ಆನ್-ಸಿಡಿ’ ಅನ್ನುವ ಆಯ್ಕೆ ಹಾಕಿಟ್ಟರೆ ಟರ್ಮಿನಲ್‌ನಲ್ಲಿ ಆ ಫೋಲ್ಡರ್‌ಗೆ ಹೋದ ಕೂಡಲೇ ವರ್ಷನ್ ತಾನೇ ಬದಲಾಗುತ್ತದೆ. ಈ ಆಯ್ಕೆ ತುಂಬಾ ಮುಖ್ಯ. ‘ಪ್ರತಿ ಸಲ ಟೈಪ್ ಮಾಡಿ ಬದಲಾಯಿಸಿಕೊಳ್ಳಿ’ ಅಂದರೆ ಶುಕ್ರವಾರ ಸಂಜೆ ಆರು ಗಂಟೆಗೆ ಯಾರಿಗೂ ನೆನಪಿರುವುದಿಲ್ಲ. ನಿಮ್ಮಲ್ಲಿ ನೋಡ್ ಜೊತೆ ಪೈಥಾನ್, ಜಾವಾ ಕೂಡ ಇದ್ದರೆ ಮೀಸ್ ಅನ್ನುವ ಟೂಲ್ ನೋಡಿ. ಅದು ಎಲ್ಲ ಭಾಷೆಗಳ ವರ್ಷನ್‌ಗಳನ್ನೂ ಒಂದೇ ಫೈಲಿನಿಂದ ನಡೆಸುತ್ತದೆ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಟರ್ಮಿನಲ್‌ನಲ್ಲಿ ‘ನೋಡ್ -ವಿ’ ಅಂದರೆ 22 ಅಂತ ಬರುತ್ತದೆ. ಅದೇ ಪ್ರಾಜೆಕ್ಟ್ ಅನ್ನು ವಿಎಸ್ ಕೋಡ್ ಎಡಿಟರ್‌ನಲ್ಲಿ ತೆರೆದು ಡೀಬಗ್ ಬಟನ್ ಒತ್ತಿದರೆ 18 ಓಡುತ್ತದೆ. ಎರಡೂ ಒಂದೇ ಲ್ಯಾಪ್‌ಟಾಪ್! ಎನ್‌ವಿಎಂ, ಎಫ್‌ಎನ್‌ಎಂ ಎರಡೂ ಕೆಲಸ ಮಾಡುವುದು ಶೆಲ್ ಒಳಗೆ. ಐಕಾನ್ ಕ್ಲಿಕ್ ಮಾಡಿ ತೆರೆದ ಎಡಿಟರ್‌ಗೆ ನೀವು ಯಾವ ಫೋಲ್ಡರ್‌ನಲ್ಲಿ ಏನು ಬದಲಾಯಿಸಿದಿರಿ ಅಂತ ಗೊತ್ತಿರುವುದಿಲ್ಲ. ಅದು ಡೀಫಾಲ್ಟ್ ಆಗಿ ಇರುವ ನೋಡ್ ಹಿಡಿದುಕೊಳ್ಳುತ್ತದೆ. ಗಿಟ್‌ನ ಗ್ರಾಫಿಕಲ್ ಆ್ಯಪ್‌ನಿಂದ ಕಮಿಟ್ ಮಾಡಿದಾಗ ಓಡುವ ಹುಕ್‌ಗಳದ್ದೂ ಇದೇ ಕಥೆ. ಸುಲಭದ ದಾರಿ ಅಂದರೆ ಎಡಿಟರ್ ಪೂರ್ತಿ ಮುಚ್ಚಿ, ಟರ್ಮಿನಲ್‌ನಲ್ಲಿ ಪ್ರಾಜೆಕ್ಟ್ ಫೋಲ್ಡರ್‌ಗೆ ಹೋಗಿ, ಅಲ್ಲಿಂದಲೇ ‘ಕೋಡ್ .’ ಅಂತ ತೆರೆಯಿರಿ. ಆಗ ಟರ್ಮಿನಲ್‌ನ ವರ್ಷನ್ನೇ ಎಡಿಟರ್‌ಗೂ ಹೋಗುತ್ತದೆ. ಹೊಸಬರಿಗೆ ಇದನ್ನು ಮೊದಲ ದಿನವೇ ಪಕ್ಕದಲ್ಲಿ ಕೂತು ತೋರಿಸಿ. ನಿಮ್ಮ ಎರಡು ದಿನದ ಸೆಟಪ್‌ನಲ್ಲಿ ಅರ್ಧ ದಿನವಾದರೂ ಇಲ್ಲೇ ಹೋಗುತ್ತಿದೆ ಅಂತ ನನ್ನ ಊಹೆ.

ಇಷ್ಟಾದ ಮೇಲೂ ಯಾರಾದರೂ ಬೇರೆ ವರ್ಷನ್‌ನಲ್ಲಿ ಇನ್‌ಸ್ಟಾಲ್ ಮಾಡಿಬಿಡಬಹುದು. ಅದನ್ನು ತಡೆಯಲು ‘ಪ್ಯಾಕೇಜ್.ಜೆಸನ್’ನಲ್ಲಿ ‘ಎಂಜಿನ್ಸ್’ ಅನ್ನುವ ಜಾಗ ಇದೆ. ಅಲ್ಲಿ 22.11 ಅಥವಾ ಮೇಲೆ, ಆದರೆ 23ಕ್ಕಿಂತ ಕೆಳಗೆ ಅಂತ ಬರೆಯಿರಿ. ಬರೀ ಇಷ್ಟು ಮಾಡಿ ನಿಲ್ಲಿಸಬೇಡಿ. ಎನ್‌ಪಿಎಂ ಇದನ್ನು ನೋಡಿ ಹಳದಿ ಎಚ್ಚರಿಕೆ ಕೊಟ್ಟು ಮುಂದೆ ಹೋಗಿಬಿಡುತ್ತದೆ. ಉಳಿದ ನೂರು ಹಳದಿ ಸಾಲುಗಳ ನಡುವೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ‘.ಎನ್‌ಪಿಎಂಆರ್‌ಸಿ’ ಫೈಲಿನಲ್ಲಿ ‘ಎಂಜಿನ್-ಸ್ಟ್ರಿಕ್ಟ್’ ಅನ್ನು ‘ಟ್ರೂ’ ಮಾಡಿ, ಅದನ್ನೂ ಕಮಿಟ್ ಮಾಡಿ. ಆಗ ಇನ್‌ಸ್ಟಾಲ್ ಅಲ್ಲೇ ನಿಲ್ಲುತ್ತದೆ. ನಿಮಗೆ ಯಾವ ವರ್ಷನ್ ಬೇಕು, ಇರುವುದು ಯಾವುದು ಅಂತ ನೇರವಾಗಿ ಹೇಳುತ್ತದೆ. ನೋಡ್ 18ರಲ್ಲಿ ಬಿಲ್ಡ್ ಆದ ‘ಬೆಟರ್-ಎಸ್‌ಕ್ಯೂಲೈಟ್3’ನಂಥ ಸಿ++ ಪ್ಯಾಕೇಜನ್ನು ನೋಡ್ 20ರಲ್ಲಿ ಓಡಿಸಲು ಹೋದರೆ ‘108ಕ್ಕೆ ಕಂಪೈಲ್ ಆಗಿದೆ, ಬೇಕಾಗಿರುವುದು 115’ ಅನ್ನುವ ಎರರ್ ಬರುತ್ತದೆ. ಆ 108, 115 ಏನು ಅಂತ ಹೊಸಬರಿಗೆ ಹೇಗೆ ಗೊತ್ತಾಗಬೇಕು? ಅವು ನೋಡ್‌ನ ಒಳಗಿನ ಮಾಡ್ಯೂಲ್ ವರ್ಷನ್‌ಗಳು. ಈ ಎರರ್ ಕಂಡರೆ ‘ನೋಡ್_ಮಾಡ್ಯೂಲ್ಸ್’ ಅಳಿಸಿ ಸರಿಯಾದ ವರ್ಷನ್‌ನಲ್ಲಿ ಮತ್ತೆ ಇನ್‌ಸ್ಟಾಲ್ ಮಾಡಿದರೆ ಸಾಕು.

ಸಿಐಗೆ ಬರೋಣ. ಗಿಟ್‌ಹಬ್ ಆ್ಯಕ್ಷನ್ಸ್ ಬಳಸುತ್ತಿದ್ದರೆ ‘ಸೆಟಪ್-ನೋಡ್’ಗೆ ವರ್ಷನ್ ಸಂಖ್ಯೆ ಕೊಡುವ ಬದಲು ‘ನೋಡ್-ವರ್ಷನ್-ಫೈಲ್’ ಅಂತ ಕೊಟ್ಟು ‘.ಎನ್‌ವಿಎಂಆರ್‌ಸಿ’ಯ ಕಡೆ ತೋರಿಸಿ. ವರ್ಕ್‌ಫ್ಲೋ ಫೈಲಿನಲ್ಲಿ ಸಂಖ್ಯೆಯೇ ಇರಬಾರದು. ಅಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಬದಲು ‘ಎನ್‌ಪಿಎಂ ಸಿಐ’ ಓಡಿಸಿ. ಅದು ಲಾಕ್ ಫೈಲಿನಲ್ಲಿ (ಪ್ರತಿ ಪ್ಯಾಕೇಜಿನ ನಿಖರ ವರ್ಷನ್ ಬರೆದಿಟ್ಟ ಫೈಲಿನಲ್ಲಿ) ಇದ್ದದ್ದನ್ನು ಇದ್ದ ಹಾಗೆ ಹಾಕುತ್ತದೆ, ತಾನಾಗಿ ಏನನ್ನೂ ಬದಲಾಯಿಸುವುದಿಲ್ಲ.

ಡಾಕರ್‌ಫೈಲಿನಲ್ಲೂ ಇದೇ ನಿಯಮ. ‘ಫ್ರಮ್’ ಸಾಲಿಗೆ ಮೊದಲು ಒಂದು ‘ಆರ್ಗ್’ ಇಟ್ಟು, ಬಿಲ್ಡ್ ಮಾಡುವಾಗ ‘.ಎನ್‌ವಿಎಂಆರ್‌ಸಿ’ಯಲ್ಲಿರುವ ಸಂಖ್ಯೆಯನ್ನು ಅದಕ್ಕೆ ಕೊಡಿ. ಈ ಕಾರಣಕ್ಕೇ ಫೈಲಿನಲ್ಲಿ ಸಂಖ್ಯೆಯ ಮುಂದೆ ‘ವಿ’ ಹಾಕಬೇಡಿ. ಡಾಕರ್ ಇಮೇಜ್‌ಗಳ (ಕಂಟೇನರ್ ಮಾಡಲು ಬಳಸುವ ಅಚ್ಚುಗಳ) ಟ್ಯಾಗ್‌ನಲ್ಲಿ ಅದು ಇರುವುದಿಲ್ಲ. ಇಮೇಜ್ ಹೆಸರಿನ ಮುಂದೆ ಬರೀ 22 ಅಂತ ಹಾಕಿದರೆ, ಆರು ತಿಂಗಳ ಹಿಂದೆ ಇಳಿಸಿಕೊಂಡ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು ಪ್ಯಾಚ್ ಇರುತ್ತದೆ, ಇವತ್ತು ಇಳಿಸಿಕೊಂಡ ಸಿಐನಲ್ಲಿ ಇನ್ನೊಂದು. ಟ್ಯಾಗ್ ಅದೇ, ಒಳಗಿನದು ಬೇರೆ.

ಸರ್ವರ್ ವಿಷಯದಲ್ಲಿ ಒಂದು ಮಿತಿ ಇದೆ. ಸರ್ವರ್ ನಾವೇ ನೋಡಿಕೊಳ್ಳದೆ ಕೋಡ್ ಓಡಿಸಲು ಬಿಡುವ ಅಮೆಜಾನ್‌ನ ಲ್ಯಾಂಬ್ಡಾದಲ್ಲಿ ರೆಡಿಮೇಡ್ ರನ್‌ಟೈಮ್ ಬಳಸಿದರೆ 20, 22 ಅಂತ ಮೇಜರ್ ವರ್ಷನ್ ಮಾತ್ರ ಆರಿಸಬಹುದು. ಡೀಫಾಲ್ಟ್ ಆಗಿ ಒಳಗಿನ ಪ್ಯಾಚ್ ಅವರೇ ಬದಲಾಯಿಸುತ್ತಾ ಇರುತ್ತಾರೆ. ಪೂರ್ತಿ ಹಿಡಿತ ಬೇಕಾದರೆ ಅಲ್ಲಿಗೂ ಕಂಟೇನರ್ ಇಮೇಜ್ ಕೊಡಬೇಕು. ಬೇಡ ಅಂದರೂ ನಡೆಯುತ್ತದೆ, ಆದರೆ ಆ ಸಣ್ಣ ವ್ಯತ್ಯಾಸ ಉಳಿದಿದೆ ಅನ್ನುವುದು ತಂಡಕ್ಕೆ ಗೊತ್ತಿರಲಿ.

ಇನ್ನು ನಿಮ್ಮ ಮ್ಯಾನೇಜರ್ ಹೇಳಿದ್ದು. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಕಂಟೇನರ್ ಒಳಗೆ ಎಲ್ಲರದ್ದೂ ಒಂದೇ ಲಿನಕ್ಸ್, ಒಂದೇ ನೋಡ್. ವಿಎಸ್ ಕೋಡ್‌ನ ಡೆವ್ ಕಂಟೇನರ್ ಬಳಸಿದರೆ ಎಡಿಟರ್ ಕೂಡ ಒಳಗಿನ ನೋಡ್ ಅನ್ನೇ ಹಿಡಿಯುತ್ತದೆ, ಮೇಲೆ ಹೇಳಿದ ಐಕಾನ್‌ನ ತೊಂದರೆಯೂ ಇಲ್ಲ. ಡೇಟಾಬೇಸ್‌ಗೆ, ಕ್ಯೂಗೆ, ಕ್ಯಾಶ್‌ಗೆ ಡಾಕರ್ ಬಳಸಿ ಅಂತ ನಾನೂ ಒತ್ತಿ ಹೇಳುತ್ತೇನೆ. ಅಲ್ಲೂ ‘ಲೇಟೆಸ್ಟ್’ ಬೇಡ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಂದು ಮೇಜರ್ ವರ್ಷನ್‌ನಿಂದ ಇನ್ನೊಂದಕ್ಕೆ ಹೋದರೆ ಹಳೆಯ ಡೇಟಾ ಫೋಲ್ಡರ್ ಅನ್ನು ಮುಟ್ಟುವುದೇ ಇಲ್ಲ, ‘ಈ ಫೈಲ್‌ಗಳು ಹೊಂದುವುದಿಲ್ಲ’ ಅಂತ ನಿಂತುಬಿಡುತ್ತದೆ.

ಆದರೆ ದಿನವಿಡೀ ಕೋಡ್ ಬರೆಯುವುದನ್ನೂ ಡಾಕರ್ ಒಳಗೇ ಮಾಡಿ ಅಂದರೆ ಅದಕ್ಕೆ ಬೆಲೆ ಇದೆ. ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ಡಾಕರ್ ಒಂದು ಲಿನಕ್ಸ್ ವರ್ಚುವಲ್ ಮೆಷಿನ್ ಇಟ್ಟುಕೊಂಡು ಓಡುತ್ತದೆ. ಹೊರಗಿನ ಫೋಲ್ಡರ್ ಅನ್ನು ಒಳಗೆ ಜೋಡಿಸಿದಾಗ ಸಾವಿರಾರು ಸಣ್ಣ ಫೈಲ್‌ಗಳನ್ನು ಓದುವುದು ನಿಧಾನವಾಗುತ್ತದೆ. ‘ನೋಡ್_ಮಾಡ್ಯೂಲ್ಸ್’ ಅಂದರೆ ಸಾವಿರಾರು ಸಣ್ಣ ಫೈಲ್‌ಗಳೇ ಅಲ್ವಾ? ಎಂಟು ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವವರನ್ನು ಒಮ್ಮೆ ಕೇಳಿ ನೋಡಿ, ಆಮೇಲೆ ತೀರ್ಮಾನ ಮಾಡಿ. ಮತ್ತೆ, ಮ್ಯಾಕ್‌ನಲ್ಲಿ ಇನ್‌ಸ್ಟಾಲ್ ಮಾಡಿದ ‘ನೋಡ್_ಮಾಡ್ಯೂಲ್ಸ್’ ಅನ್ನೇ ಕಂಟೇನರ್‌ಗೆ ಜೋಡಿಸಬೇಡಿ. ‘ಇನ್‌ವ್ಯಾಲಿಡ್ ಇಎಲ್‌ಎಫ್ ಹೆಡರ್’ ಅಂತ ಎರರ್ ಬಂದರೆ ಇದೇ ಆಗಿದೆ ಅಂತ ತಿಳಿಯಿರಿ. ಮ್ಯಾಕ್‌ಗೆ ಕಂಪೈಲ್ ಆದ ಫೈಲನ್ನು ಲಿನಕ್ಸ್ ಓಡಿಸಲು ಹೋಗಿರುತ್ತದೆ.

ನಾನು ಮಾಡುವುದು ಹೀಗೆ. ನೋಡ್ ಲ್ಯಾಪ್‌ಟಾಪ್‌ನಲ್ಲೇ, ಎಫ್‌ಎನ್‌ಎಂ ಮೂಲಕ. ಡೇಟಾಬೇಸ್ ಡಾಕರ್‌ನಲ್ಲಿ. ಅಂತಿಮ ಟೆಸ್ಟ್ ಸಿಐನಲ್ಲಿ, ಸರ್ವರ್‌ಗೆ ಹೋಗುವ ಅದೇ ಇಮೇಜ್ ಒಳಗೆ. ಏಳು ಜನರ ತಂಡಕ್ಕೆ ಇದು ಸಾಕು.

ಹೀಗೆ ವರ್ಷನ್ ಪಿನ್ ಮಾಡಿದ, ಅಂದರೆ ಒಂದೇ ಸಂಖ್ಯೆಗೆ ಕಟ್ಟಿಹಾಕಿದ ತಂಡಗಳು ಬೀಳುವ ಇನ್ನೊಂದು ಹಳ್ಳ ಇದೆ. ಒಮ್ಮೆ ಬರೆದ ಸಂಖ್ಯೆಯನ್ನು ಮೂರು ವರ್ಷ ಯಾರೂ ಮುಟ್ಟುವುದಿಲ್ಲ. ನೋಡ್ 18ಕ್ಕೆ ಬೆಂಬಲ 2025ರ ಏಪ್ರಿಲ್ 30ಕ್ಕೇ ಮುಗಿದಿದೆ. ಆಮೇಲೆ ಸಿಕ್ಕ ಭದ್ರತಾ ದೋಷಗಳಿಗೆ ಆ ಸಾಲಿನಲ್ಲಿ ರಿಪೇರಿ ಬರುವುದಿಲ್ಲ. ಜನರ ದುಡ್ಡಿನ ಲೆಕ್ಕ ಇಡುವ ಸಾಫ್ಟ್‌ವೇರ್ ನಿಮ್ಮದು, ಹಾಗಾಗಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರೆನೊವೇಟ್ ಅನ್ನುವ ಬಾಟ್ ‘.ಎನ್‌ವಿಎಂಆರ್‌ಸಿ’ಯನ್ನೂ ಗಮನಿಸಿ, ಹೊಸ ಪ್ಯಾಚ್ ಬಂದಾಗ ತಾನೇ ಪುಲ್ ರಿಕ್ವೆಸ್ಟ್ ಹಾಕುತ್ತದೆ. ಟೆಸ್ಟ್ ಪಾಸಾದರೆ ಮರ್ಜ್ ಮಾಡಿ. ಫೇಲ್ ಆದರೆ ಯಾಕೆ ಅಂತ ಅವತ್ತೇ ಗೊತ್ತಾಗುತ್ತದೆ, ಒಂದೇ ಬದಲಾವಣೆ ಇರುವಾಗ ಹುಡುಕುವುದೂ ಸುಲಭ. ಎಲ್ಲರೂ ಪುಲ್ ಮಾಡಿದಾಗ ಫೈಲ್ ಬದಲಾಗಿರುತ್ತದೆ, ಎಫ್‌ಎನ್‌ಎಂ ಹೊಸದನ್ನು ಹಾಕಲಾ ಅಂತ ಕೇಳುತ್ತದೆ, ಏಳೂ ಜನ ಒಂದೇ ದಿನ ಮುಂದೆ ಹೋಗುತ್ತೀರಿ.

ನೋಡ್ ಒಂದರದ್ದೇ ಮಾತಾಯಿತು. ಬೇರೆ ಭಾಷೆಗಳಲ್ಲಿ ಇದು ಇನ್ನೂ ಸುಲಭ. ಗೋ ಭಾಷೆಯಲ್ಲಿ 2023ರ ಆಗಸ್ಟ್‌ನ 1.21ರಿಂದ ‘ಗೋ.ಮಾಡ್’ ಫೈಲಿನಲ್ಲಿ ವರ್ಷನ್ ಬರೆದರೆ ಗೋ ತಾನೇ ಅದನ್ನು ಇಳಿಸಿಕೊಂಡು ಓಡಿಸುತ್ತದೆ. ರಸ್ಟ್‌ನಲ್ಲಿ ‘ರಸ್ಟ್-ಟೂಲ್‌ಚೈನ್’ ಫೈಲ್ ಇದೆ. ಪೈಥಾನ್‌ನಲ್ಲಿ ‘.ಪೈಥಾನ್-ವರ್ಷನ್’ ಇದೆ, ಪೈಎನ್ವ್ ಮತ್ತು ಯುವಿ ಎರಡೂ ಅದನ್ನು ಓದುತ್ತವೆ.

ಕೊನೆಗೆ ನಿಮ್ಮ ಹಳೆಯ ಪ್ರಾಜೆಕ್ಟ್. ಅಲ್ಲೂ ಇವತ್ತೇ ‘.ಎನ್‌ವಿಎಂಆರ್‌ಸಿ’ ಇಡಿ. 14ರ ಸಾಲಿನ ಕೊನೆಯದಾದ 14.21.3 ಬರೆಯಿರಿ. ಇಲ್ಲದಿದ್ದರೆ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ. ನೋಡ್ 14ರ ಜೊತೆ ಬರುವುದು ಎನ್‌ಪಿಎಂ 6. ಯಾರೋ ಹೊಸ ನೋಡ್‌ನಲ್ಲಿ ಒಂದು ಸಣ್ಣ ಪ್ಯಾಕೇಜ್ ಸೇರಿಸಲು ಹೋಗುತ್ತಾರೆ. ಹೊಸ ಎನ್‌ಪಿಎಂ ಇಡೀ ಲಾಕ್ ಫೈಲನ್ನು ತನ್ನ ಹೊಸ ರೂಪದಲ್ಲಿ ಮತ್ತೆ ಬರೆದುಬಿಡುತ್ತದೆ. ಸೇರಿಸಿದ್ದು ಒಂದು ಸಾಲು, ಪುಲ್ ರಿಕ್ವೆಸ್ಟ್‌ನಲ್ಲಿ ಕಾಣುವುದು ಸಾವಿರಾರು ಸಾಲು. ಅದನ್ನು ಯಾರು ರಿವ್ಯೂ ಮಾಡುತ್ತಾರೆ?

ನಿಮ್ಮ ಮೂರು ಮ್ಯಾಕ್‌ಗಳು ಆ್ಯಪಲ್‌ನ ಎಂ ಸರಣಿಯ ಚಿಪ್‌ನವಾದರೆ, ಮ್ಯಾನೇಜರ್ ಹೇಳಿದ ಡಾಕರ್ ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಆ ಚಿಪ್‌ಗೆ ಮ್ಯಾಕ್‌ನ ರೆಡಿಮೇಡ್ ನೋಡ್ ಸಿಗುವುದು 16ರಿಂದ. 14 ಬೇಕಾದರೆ ಇಂಟೆಲ್ ಚಿಪ್‌ನ ಮ್ಯಾಕ್ ಸಾಫ್ಟ್‌ವೇರ್ ಓಡಿಸಿಕೊಡುವ ರೊಸೆಟ್ಟಾ ಮೂಲಕ ಓಡಿಸಬೇಕು. ಮೊದಲಿಗೆ ‘ಪ್ರೊಸೆಸ್.ಆರ್ಚ್’ ನೋಡಲು ಹೇಳಿದ್ದು ಇದಕ್ಕೇ. ಲಿನಕ್ಸ್‌ನ ಎಆರ್‌ಎಂ ಇಮೇಜ್ 14ಕ್ಕೂ ಇದೆ, ಡಾಕರ್ ಒಳಗೆ ಅದು ನೇರವಾಗಿ ಓಡುತ್ತದೆ. ಈ ಒಂದು ಪ್ರಾಜೆಕ್ಟ್‌ಗೆ ಡೆವ್ ಕಂಟೇನರ್ ಮಾಡಿಕೊಳ್ಳಿ.

ಹಾಗಂತ ಅಲ್ಲೇ ಬಿಡಬೇಡಿ, 14ಕ್ಕೆ ಬೆಂಬಲ 2023ರ ಏಪ್ರಿಲ್‌ನಲ್ಲೇ ಮುಗಿದಿದೆ. ಮೇಲೆ ಹತ್ತುವಾಗ ಎರಡು ಮೆಟ್ಟಿಲು ಎತ್ತರ ಇವೆ. 15ರಿಂದ, ಯಾರೂ ಹಿಡಿಯದೆ ಬಿಟ್ಟ ಪ್ರಾಮಿಸ್ (ಆಮೇಲೆ ಮುಗಿಯುವ ಕೆಲಸ) ಎರರ್ ಇಡೀ ಪ್ರೊಸೆಸ್ ಅನ್ನು ನಿಲ್ಲಿಸುತ್ತದೆ. 14ರಲ್ಲಿ ಬರೀ ಎಚ್ಚರಿಕೆ ಬರುತ್ತಿತ್ತು. ಆ ಎಚ್ಚರಿಕೆಗಳು ಲಾಗ್‌ನಲ್ಲಿ ಈಗಲೇ ಇವೆಯಾ ಅಂತ ಹುಡುಕಿ, ಇದ್ದರೆ ಮೊದಲು ಅವನ್ನು ಸರಿಮಾಡಿ. 17ರಲ್ಲಿ ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 3 ಬಂತು. ಕೋಡ್ ಫೈಲ್‌ಗಳನ್ನು ಒಟ್ಟುಗೂಡಿಸುವ ವೆಬ್‌ಪ್ಯಾಕ್ 4 ಬಳಸುವ ಹಳೆಯ ಹ್ಯಾಶ್ (ಡೇಟಾಗೆ ಗುರುತಿನ ಸಂಖ್ಯೆ ಲೆಕ್ಕ ಹಾಕುವ ವಿಧಾನ) ಅದರಲ್ಲಿ ಓಡುವುದಿಲ್ಲ, ಬಿಲ್ಡ್ ‘ಡಿಜಿಟಲ್ ಎನ್ವಲಪ್ ರೂಟೀನ್ಸ್’ ಅನ್ನುವ ಎರರ್ ಕೊಟ್ಟು ನಿಲ್ಲುತ್ತದೆ. ‘ಓಪನ್‌ಎಸ್‌ಎಸ್‌ಎಲ್-ಲೆಗಸಿ-ಪ್ರೊವೈಡರ್’ ಅನ್ನುವ ಆಯ್ಕೆ ಹಾಕಿ ಅಂತ ಎಲ್ಲ ಕಡೆ ಸಲಹೆ ಸಿಗುತ್ತದೆ. ಅದು ಹಳೆಯ ಹ್ಯಾಶ್‌ಗೆ ಮತ್ತೆ ಬಾಗಿಲು ತೆಗೆದಂತೆ, ನನಗೆ ಇಷ್ಟವಿಲ್ಲ. ವೆಬ್‌ಪ್ಯಾಕ್ 5 ನೋಡ್ 14ರಲ್ಲೂ ಓಡುತ್ತದೆ. 14ರಲ್ಲಿ ಇರುವಾಗಲೇ ಮೊದಲು ವೆಬ್‌ಪ್ಯಾಕ್ ಬದಲಾಯಿಸಿ, ಬಿಲ್ಡ್ ಸರಿಯಾದ ಮೇಲೆ ಒಂದು ವಾರ ಹಾಗೇ ಓಡಲು ಬಿಡಿ. ಆಮೇಲೆ ‘.ಎನ್‌ವಿಎಂಆರ್‌ಸಿ’ಯಲ್ಲಿ ಸಂಖ್ಯೆ ಬದಲಾಯಿಸಿ ಬೇರೆ ಪುಲ್ ರಿಕ್ವೆಸ್ಟ್ ಹಾಕಿ.